ಆಷಾಢದ ರಿಯಾಯಿತಿ: ಬೋರ್ಡಿಗಿಂತ ಬಟ್ಟೆ ನೋಡಿ, ಬಿಲ್ ಕೇಳಿ

ಆಷಾಢ ಕಾಲಿಟ್ಟಿತೆಂದರೆ ಕಲ್ಯಾಣ ಮಂಟಪಗಳಿಗೆ ಬೀಗ ಬೀಳುತ್ತದೆ, ಬಟ್ಟೆ ಅಂಗಡಿಗಳ ಮುಂದೆ ಮೈಕು ಕೂಗಲು ಶುರುವಾಗುತ್ತದೆ. ಬೆಂಗಳೂರಿನ ಚಿಕ್ಕಪೇಟೆ, ಮೈಸೂರಿನ ದೇವರಾಜ ಅರಸು ರಸ್ತೆಯಿಂದ ಹಿಡಿದು ದಾವಣಗೆರೆ, ಹುಬ್ಬಳ್ಳಿ, ಕಲಬುರಗಿಯ ಪೇಟೆಬೀದಿಗಳವರೆಗೆ ಎಲ್ಲೆಡೆ ಒಂದೇ ಬೋರ್ಡು: ‘ಆಷಾಢ ರಿಯಾಯಿತಿ’. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮಗು ಹಿಡಿದು ಜನ ಒಳಗೆ ನುಗ್ಗುತ್ತಾರೆ. ಅವರಲ್ಲಿ ಹೆಚ್ಚಿನವರು ಶೋಕಿಗೆ ಬಂದವರಲ್ಲ. ಶ್ರಾವಣದಲ್ಲಿ ನಾಗರ ಪಂಚಮಿ, ವರಮಹಾಲಕ್ಷ್ಮಿ, ಆಮೇಲೆ ಗೌರಿ-ಗಣೇಶ. ಅದರ ಬೆನ್ನಿಗೇ ಮನೆಯಲ್ಲೊಂದು ಮದುವೆ. ಚೀಟಿ ಕಟ್ಟಿ, ಸ್ವಸಹಾಯ ಸಂಘದಲ್ಲಿ ಉಳಿಸಿ ಕೂಡಿಟ್ಟ ದುಡ್ಡು ಹೊರಬರುವುದು ಈ ನಾಲ್ಕು ವಾರಗಳಲ್ಲಿ. ಆ ದುಡ್ಡಿಗೆ ತಕ್ಕ ಬಟ್ಟೆ ಅವರ ಕೈಗೆ ಸಿಗಬೇಕು ಎಂಬುದೇ ಈ ಬರಹದ ಕಳಕಳಿ.

ಆಷಾಢದ ಸೇಲ್ ಎಂದರೆ ಬರೀ ಮೋಸ ಎಂದು ಮೂಗು ಮುರಿಯುವವರಿದ್ದಾರೆ. ಆ ಮಾತನ್ನು ಪೂರ್ತಿ ಒಪ್ಪಲಾಗದು. ಈ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೊಸ ಸೊಸೆ ತವರಿಗೆ ಹೋಗಿರುತ್ತಾಳೆ. ಆದರೆ ಅಂಗಡಿಯ ಬಾಡಿಗೆ, ಹುಡುಗರ ಸಂಬಳ, ಸಾಲದ ಬಡ್ಡಿ ಯಾವುದೂ ಆಷಾಢವೆಂದು ನಿಲ್ಲುವುದಿಲ್ಲ. ಶ್ರಾವಣಕ್ಕೆ ಹೊಸ ಮಾಲು ತರಿಸಬೇಕು, ಅದಕ್ಕೆ ಜಾಗವೂ ಬೇಕು, ಬಂಡವಾಳವೂ ಬೇಕು. ಹಾಗಾಗಿ ಉಳಿದ ಮಾಲನ್ನು ಲಾಭ ಬಿಟ್ಟಾದರೂ ಖಾಲಿ ಮಾಡುವುದು ವ್ಯಾಪಾರದ ಜಾಣತನವೇ. ಪಕ್ಕದ ತಮಿಳುನಾಡಿನಲ್ಲಿ ಆಡಿ ಮಾಸದ ರಿಯಾಯಿತಿಯೂ ಇದೇ ಲೆಕ್ಕದ್ದು. ನಿಜವಾದ ಅಗ್ಗ ಈ ತಿಂಗಳಲ್ಲಿ ಖಂಡಿತ ಇದೆ. ಕಷ್ಟವಿರುವುದು ಅದರ ಪಕ್ಕದಲ್ಲೇ, ಅದೇ ಬೋರ್ಡಿನ ಕೆಳಗೆ, ರಿಯಾಯಿತಿಗೆಂದೇ ತರಿಸಿಟ್ಟ ಕಳಪೆ ಮಾಲೂ ಕೂತಿರುತ್ತದೆ ಎಂಬುದರಲ್ಲಿ.

ಮೊದಲು ಶೇಕಡಾ ಲೆಕ್ಕ. ‘ಶೇ 50 + ಶೇ 20’ ಎಂದು ಬರೆದಿದ್ದರೆ ಅದು ಶೇ 70 ಆಗುವುದಿಲ್ಲ. 2,000 ರೂಪಾಯಿಯ ಸೀರೆ ಮೊದಲು 1,000ಕ್ಕೆ ಇಳಿಯುತ್ತದೆ, ಆ ಸಾವಿರದ ಮೇಲೆ ಶೇ 20 ಹೋಗಿ 800 ಉಳಿಯುತ್ತದೆ. ಅಂದರೆ ಸಿಕ್ಕಿದ್ದು ಶೇ 60. ‘ಎರಡು ಕೊಂಡರೆ ಒಂದು ಉಚಿತ’ ಎಂಬುದು ಮೂರೂ ಬೇಕಿದ್ದರೆ ಮಾತ್ರ ಮೂರನೇ ಒಂದು ಭಾಗದ ಉಳಿತಾಯ. ಒಂದೇ ಅಂಗಿ ಬೇಕಿದ್ದವರಿಗೆ ದುಪ್ಪಟ್ಟು ಖರ್ಚು. ‘ಶೇ 70’ರ ಪಕ್ಕದಲ್ಲಿ ಇರುವೆಯಷ್ಟು ಚಿಕ್ಕದಾಗಿ ‘ವರೆಗೆ’ ಎಂದು ಬರೆದಿದ್ದರೆ ಆ ಎಪ್ಪತ್ತು ಯಾವ ಮೂಲೆಯ ಯಾವ ರ‍್ಯಾಕಿನಲ್ಲಿದೆ ಎಂದು ಒಳಗೆ ಹೋಗುವ ಮೊದಲೇ ಕೇಳುವುದು ಲೇಸು.

ಶೇಕಡಾ ಯಾವ ಬೆಲೆಯ ಮೇಲೆ ಎಂಬುದು ಇನ್ನೂ ಮುಖ್ಯ. ಅಂಗಿಯ ಮೇಲೆ ಎಷ್ಟು ಎಂಆರ್‌ಪಿ ಮುದ್ರಿಸಬೇಕೆಂದು ಕಾನೂನು ಮಿತಿ ಹಾಕಿಲ್ಲ. 600 ರೂಪಾಯಿಗೆ ಮಾರಬೇಕಾದ ಕುರ್ತಾದ ಮೇಲೆ 1,500 ಎಂದು ಮುದ್ರಿಸಿ ‘ಶೇ 60 ರಿಯಾಯಿತಿ’ ಕೊಟ್ಟರೆ ಬೋರ್ಡು ಸುಳ್ಳಾಡಿದಂತೆ ಕಾಣುವುದಿಲ್ಲ, ಕೊಂಡವರಿಗೆ ಮಾತ್ರ ಒಂದು ರೂಪಾಯಿಯೂ ಉಳಿದಿರುವುದಿಲ್ಲ. ಅಂಥದ್ದೇ ಬಟ್ಟೆಗೆ ಪಕ್ಕದ ಅಂಗಡಿಯಲ್ಲಿ ಎಷ್ಟು ಎಂದು ಕೇಳಿ ನೋಡುವುದೊಂದೇ ಇದಕ್ಕೆ ಮದ್ದು. ಚೀಟಿಯ ಮೇಲೆ ಚೀಟಿ ಅಂಟಿಸಿದ್ದರೆ ಎಚ್ಚರ ಬೇಕು. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಪ್ಯಾಕ್ ಮಾಡಿದ ಮಾಲಿನ ಬೆಲೆ ಇಳಿಸಲು ಚೀಟಿ ಅಂಟಿಸಬಹುದು, ಆದರೆ ತಯಾರಕರು ಮುದ್ರಿಸಿದ ಮೂಲ ಎಂಆರ್‌ಪಿಯನ್ನು ಅದು ಮುಚ್ಚಬಾರದು. ಬೆಲೆ ಏರಿಸಲು ಅಂಟಿಸುವಂತೆಯೇ ಇಲ್ಲ.

ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ ಎಂಬುದನ್ನೂ ನೆನಪಿಡಬೇಕು. ಚಂಡೀಗಢದ ಗ್ರಾಹಕರೊಬ್ಬರು 3,995 ರೂಪಾಯಿ ಎಂಆರ್‌ಪಿಯ ಜಾಕೆಟ್ಟನ್ನು ಶೇ 40 ರಿಯಾಯಿತಿಯಲ್ಲಿ ಕೊಂಡಾಗ, ಇಳಿದ ಬೆಲೆಯ ಮೇಲೆ 119 ರೂಪಾಯಿ 85 ಪೈಸೆ ವ್ಯಾಟ್ ಬೇರೆ ಹಾಕಿದ್ದರು. ಅವರು ಸುಮ್ಮನಿರಲಿಲ್ಲ. ಪ್ರಕರಣ ರಾಷ್ಟ್ರೀಯ ಗ್ರಾಹಕ ಆಯೋಗದವರೆಗೂ ಹೋಯಿತು. ಹೀಗೆ ತೆರಿಗೆ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಆಯೋಗ 2017ರಲ್ಲಿ ಹೇಳಿತು. ಕೇವಲ ನೂರಿಪ್ಪತ್ತು ರೂಪಾಯಿಗೆ ಇಷ್ಟೆಲ್ಲ ಬೇಕಿತ್ತೇ ಎನ್ನಬಾರದು. ಅವರ ಹಟದಿಂದ ಇಡೀ ದೇಶದ ಗ್ರಾಹಕರಿಗೆ ಉಪಕಾರವಾಗಿದೆ.

ಇನ್ನು ಬಟ್ಟೆಯ ವಿಚಾರ. ನೂಕುನುಗ್ಗಲಿನ ನಡುವೆ ಎರಡು ನಿಮಿಷ ನಿಂತು ಕೈಯಾಡಿಸಿದರೆ ಗೊತ್ತಾಗುವಷ್ಟು ಬೋರ್ಡು ಓದಿದರೆ ಗೊತ್ತಾಗದು. ಅಂಗಿಯನ್ನು ಮೊದಲು ಒಳಮೈ ಹೊರಗೆ ಮಾಡಿ ನೋಡಬೇಕು. ಕಂಕುಳ ಹತ್ತಿರದ ಹೊಲಿಗೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಎಳೆದಾಗ ಹೊಲಿಗೆಯ ನಡುವೆ ಬೆಳಕು ಕಂಡರೆ ಅದು ನಾಲ್ಕು ಒಗೆತಕ್ಕೆ ಬಿಟ್ಟುಕೊಳ್ಳುವ ಮಾಲು. ಒಳಗೆ ಅಂಚಿಗೆ ಬಿಟ್ಟ ಬಟ್ಟೆ ಎಷ್ಟಿದೆ? ಅರ್ಧ ಬೆರಳಗಲವಾದರೂ ಇದ್ದರೆ ಮುಂದೆ ಬಿಗಿಯಾದಾಗ ದರ್ಜಿ ಬಿಚ್ಚಿ ಸಡಿಲ ಮಾಡಿಕೊಡಬಲ್ಲ. ಚೌಕಳಿ ಅಂಗಿಯಾದರೆ ಗುಂಡಿಪಟ್ಟಿಯಲ್ಲಿ, ಜೇಬಿನಲ್ಲಿ ಗೆರೆಗೆ ಗೆರೆ ಕೂಡಿದೆಯೇ ನೋಡಬೇಕು. ಕತ್ತರಿಸುವಾಗ ಬಟ್ಟೆ ಉಳಿಸಲು ಹೊರಟವರು ಮೊದಲು ಕೈಬಿಡುವುದು ಇದನ್ನೇ. ಕಾಲರಿನ ಮೇಲೆ ಗುಳ್ಳೆ ಎದ್ದಂತಿದ್ದರೆ ಒಳಗಿನ ಅಂಟುಬಟ್ಟೆ ಬಿಟ್ಟಿದೆ ಎಂದರ್ಥ. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಚೆನ್ನಾಗಿ ಉಜ್ಜಿದಾಗ ಬಿಳಿ ಹುಡಿ ಉದುರಿದರೆ ಆ ದಪ್ಪ ಗಂಜಿಯದು, ನೂಲಿನದಲ್ಲ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಒಳಮೂಲೆಯಲ್ಲಿ ತಿಕ್ಕಿದರೆ ಬಣ್ಣ ಬಿಡುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಮಕ್ಕಳ ಚಡ್ಡಿ, ಲೆಗಿಂಗ್ಸ್‌ನ ಎಲಾಸ್ಟಿಕ್ಕನ್ನು ಪೂರ್ತಿ ಎಳೆದು ಬಿಟ್ಟು ನೋಡಬೇಕು. ಗೋಡೌನಿನಲ್ಲಿ ವರ್ಷಗಟ್ಟಲೆ ಕೂತ ಎಲಾಸ್ಟಿಕ್ ವಾಪಸ್ ಬರುವುದಿಲ್ಲ.

ಸೀರೆಯಾದರೆ ಪೂರ್ತಿ ಬಿಚ್ಚಿಸಲು ಸಂಕೋಚ ಬೇಡ. ರೇಷ್ಮೆ ಸೀರೆ ಬಹುಕಾಲ ಒಂದೇ ಮಡಿಕೆಯಲ್ಲಿ ಕೂತರೆ ಮಡಿಕೆಯ ಗೆರೆಯಲ್ಲೇ ಬಿರುಕು ಬಿಡುತ್ತದೆ, ಜರಿ ಕಪ್ಪಿಡುತ್ತದೆ. ಸೇಲಿಗೆ ಬರುವ ಹಳೆಯ ದಾಸ್ತಾನಿನಲ್ಲಿ ಈ ದೋಷ ಸಾಮಾನ್ಯ. ಅಂಗಡಿಯ ಹಳದಿ ದೀಪದ ಕೆಳಗೆ ಅದು ಕಾಣದು, ಬಾಗಿಲ ಹತ್ತಿರದ ಹಗಲು ಬೆಳಕಿಗೆ ಹಿಡಿದು ನೋಡಬೇಕು. ರವಿಕೆ ಕಣ ಇದೆಯೇ, ಅದು ಸೇರಿ ಉದ್ದ ಆರು ಮೀಟರಿಗೆ ಮೇಲಿದೆಯೇ ಎಂದು ಅಳೆಸಬೇಕು. ‘ಪ್ಯೂರ್ ಸಿಲ್ಕ್’ ಎಂದವರ ಬಳಿ ಸಿಲ್ಕ್ ಮಾರ್ಕ್ ಚೀಟಿ ಕೇಳಬೇಕು. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಿಂದ ಈ ಗುರುತು ಚಾಲ್ತಿಯಲ್ಲಿದೆ. ಚೀಟಿ ಇಲ್ಲದಿದ್ದರೆ ಅಂಚಿನಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡುವುದು ಹಳೆಯ ಉಪಾಯ: ರೇಷ್ಮೆ ಕೂದಲು ಸುಟ್ಟ ವಾಸನೆ ಬಿಟ್ಟು ಬೆರಳಿಗೆ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಮೈಸೂರು ರೇಷ್ಮೆಯ ಹೆಸರಿನಲ್ಲಂತೂ ಎಚ್ಚರ ಇನ್ನಷ್ಟು ಬೇಕು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆ ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿ ಕೈಯಲ್ಲಿದೆ. ಅಲ್ಲಿಂದ ಬರುವ ಪ್ರತಿ ಸೀರೆಗೂ ಅದರದೇ ಸಂಖ್ಯೆ, ಹೋಲೋಗ್ರಾಂ ಇರುತ್ತದೆ. ಆ ಸಂಸ್ಥೆ ತಾನೇ ಆಗಾಗ ರಿಯಾಯಿತಿ ಮಾರಾಟ ನಡೆಸುತ್ತದೆ. ಅಸಲಿ ಬೇಕೆನ್ನುವವರು ಆ ದಿನಕ್ಕೆ ಕಾಯುವುದು ಒಳ್ಳೆಯದು. ಸಂತೆಯಲ್ಲಿ ಎರಡು ಸಾವಿರಕ್ಕೆ ‘ಮೈಸೂರು ಸಿಲ್ಕ್’ ಎಂದರೆ ನಂಬುವಂತಿಲ್ಲ.

ಬೆಂಗಳೂರಿನವರಿಗೆ ಇನ್ನೊಂದು ಅನುಕೂಲವಿದೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊರದೇಶದ ಆರ್ಡರಿಗೆ ಹೊಲಿಯುವಾಗ ಕೆಡುವ ಪೀಸುಗಳ ಲೆಕ್ಕ ಹಿಡಿದು ಕೊಂಚ ಹೆಚ್ಚಿಗೇ ಕತ್ತರಿಸುತ್ತಾರೆ. ಹೀಗೆ ಉಳಿದದ್ದು, ಗಡುವು ಮೀರಿ ಆರ್ಡರ್ ತಪ್ಪಿದ್ದು, ತಪಾಸಣೆಯಲ್ಲಿ ಬಿದ್ದದ್ದು ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಆಗಿ ಅಂಗಡಿಗೆ ಬರುತ್ತದೆ. ಮಾರತ್ತಹಳ್ಳಿಯ ಫ್ಯಾಕ್ಟರಿ ಔಟ್‌ಲೆಟ್‌ಗಳಿಗೆ ದೂರದ ಊರುಗಳಿಂದಲೂ ಜನ ಬರುತ್ತಾರೆ. ಕತ್ತರಿಸಿದ ಅಥವಾ ಮಾರ್ಕರಿನಿಂದ ಗೆರೆ ಎಳೆದ ಲೇಬಲ್ ಕಂಡು ಹಿಂಜರಿಯಬೇಕಿಲ್ಲ, ಬ್ರ್ಯಾಂಡಿನವರು ತಮ್ಮ ಹೆಸರಿನಲ್ಲಿ ಮಾರದಿರಲಿ ಎಂದು ಹಾಗೆ ಮಾಡಿಸುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಇದು ಉಳಿಕೆಯೋ, ಸೆಕೆಂಡ್ಸೋ? ಸೆಕೆಂಡ್ಸ್ ಆದರೆ ದೋಷ ಎಲ್ಲಿದೆ? ಬೆನ್ನಿನ ಮೇಲೊಂದು ಸಣ್ಣ ನೇಯ್ಗೆ ಗಂಟು, ಗುಂಡಿ ತಪ್ಪಿದ ಜಾಗ ಇಂಥವಿದ್ದರೆ ಧಾರಾಳವಾಗಿ ಕೊಳ್ಳಬಹುದು, ಅರ್ಧಕ್ಕರ್ಧ ಉಳಿಯುತ್ತದೆ. ಎರಡು ತೋಳಿನ ಬಣ್ಣ ಬೇರೆಬೇರೆ, ಒಂದು ಕಾಲು ತಿರುಚಿದ ಪ್ಯಾಂಟು ಇಂಥವನ್ನು ಬಿಟ್ಟುಬಿಡಬೇಕು. ಅಮೆರಿಕ, ಯುರೋಪಿನ ಸೈಜಿನ ಸಂಖ್ಯೆ ನಮ್ಮದಕ್ಕೆ ಹೊಂದದು, ಟ್ರಯಲ್ ರೂಮಿನ ಸಾಲು ಎಷ್ಟೇ ಉದ್ದವಿದ್ದರೂ ಹಾಕಿಕೊಂಡೇ ನೋಡಬೇಕು.

ಕೈಮಗ್ಗದ ವಿಚಾರದಲ್ಲಿ ಓದುಗರ ಮುಂದೆ ಒಂದು ವಿಶೇಷ ಬಿನ್ನಹವಿದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಸೆರಗು ಶುರುವಾಗುವಲ್ಲಿ ಹಿಂಬದಿ ನೋಡಿದರೆ ಆ ಕೂಡಿಕೆಯ ಗೆರೆ ಕಣ್ಣಿಗೆ ಬೀಳುತ್ತದೆ. ಅದನ್ನು ಹೋಲುವಂತೆ ವಿದ್ಯುತ್ ಮಗ್ಗದಲ್ಲಿ ನೇಯ್ದ ಪಾಲಿಯೆಸ್ಟರ್ ಸೀರೆ ಕೆಲವು ನೂರಕ್ಕೆ ಸಿಗುವಾಗ, ಅಸಲಿಗೆ ಅದೇ ಬೆಲೆ ಕೇಳುವುದು ನೇಕಾರರ ಹೊಟ್ಟೆಗೆ ಹೊಡೆದಂತೆ. ಸೀರೆ, ಪಂಚೆ, ಟವೆಲ್, ಲುಂಗಿ ಸೇರಿದಂತೆ 11 ಬಗೆಯ ಬಟ್ಟೆಗಳನ್ನು ನಿಗದಿತ ಮಾದರಿಗಳಲ್ಲಿ ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾನೂನು ಇದ್ದರೂ ನಕಲಿ ಮಾಲು ನಿಂತಿಲ್ಲ. ಅಗ್ಗವೇ ಬೇಕಿದ್ದವರಿಗೆ ನೇರ ದಾರಿ ಇದೆ. ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮದ ‘ಪ್ರಿಯದರ್ಶಿನಿ’ ಮಳಿಗೆಗಳು, ನೇಕಾರರ ಸಹಕಾರ ಸಂಘಗಳು ಹಬ್ಬದ ಹೊತ್ತಿಗೆ ರಿಬೇಟ್ ಕೊಡುತ್ತವೆ. 1905ರ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಆಚರಿಸುತ್ತಿರುವ ರಾಷ್ಟ್ರೀಯ ಕೈಮಗ್ಗ ದಿನ ಆಗಸ್ಟ್ 7ರಂದು ಬರುತ್ತದೆ, ಅದರ ಆಸುಪಾಸಿನಲ್ಲಿ ಊರೂರಲ್ಲಿ ಮೇಳಗಳಿರುತ್ತವೆ. ಖಾದಿ ಬೇಕೆನ್ನುವವರು ಗಾಂಧಿ ಜಯಂತಿಯ ರಿಯಾಯಿತಿಗೆ ಕಾಯಬಹುದು. ಇಂಥ ಕಡೆ ಕೊಂಡರೆ ದುಡ್ಡೂ ಉಳಿಯುತ್ತದೆ, ಮಗ್ಗದ ಮುಂದೆ ಕೂತವರ ಕೂಲಿಗೂ ಕತ್ತರಿ ಬೀಳುವುದಿಲ್ಲ.

ಕೊನೆಯ ಘಟ್ಟ ಕ್ಯಾಷ್ ಕೌಂಟರ್. “ಬಿಲ್ ಬೇಡ ಅಂದ್ರೆ ಇನ್ನೂ ನೂರು ರೂಪಾಯಿ ಬಿಡ್ತೀನಿ ಅಕ್ಕಾ” ಎಂಬ ಮಾತು ಇಲ್ಲಿ ಬರುತ್ತದೆ. ದಯವಿಟ್ಟು ಯಾರೂ ಇದಕ್ಕೆ ಒಪ್ಪಬಾರದು. ಆ ನೂರು ರೂಪಾಯಿಯ ಜೊತೆಗೆ ಕೇಳುವ ಹಕ್ಕೂ ಹೋಗುತ್ತದೆ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ ವಾಪಸ್ ಪಡೆದು ದುಡ್ಡು ಮರಳಿಸಲು ಒಪ್ಪದಿರುವುದೂ ಹಾಗೆಯೇ. “ಡಿಸ್ಕೌಂಟ್ ಮಾಲು, ವಾಪಸ್ ಆಗಲ್ಲ” ಎಂದು ಗೋಡೆಗೆ ಬರೆದುಬಿಟ್ಟರೆ ಈ ಹೊಣೆ ತಪ್ಪುವುದಿಲ್ಲ. ಬಣ್ಣ ಮನಸ್ಸಿಗೆ ಬರಲಿಲ್ಲ, ಅಳತೆ ಹೊಂದಲಿಲ್ಲ ಎಂಬ ಕಾರಣಕ್ಕೆ ಮಾತ್ರ ಕಾನೂನು ನೆರವಿಗೆ ಬಾರದು. ಅದು ಅಂಗಡಿಯವರ ಸೌಜನ್ಯಕ್ಕೆ ಬಿಟ್ಟದ್ದು, ಹಾಗಾಗಿ ದುಡ್ಡು ಕೊಡುವ ಮೊದಲೇ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಬೆಲೆಯ ಚೀಟಿಯನ್ನು ಮೊದಲ ಒಗೆತದವರೆಗೆ ಕಿತ್ತೆಸೆಯಬಾರದು. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರು ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದೂ ಇಲ್ಲ.

ಈ ಮನವಿ ಕೊಳ್ಳುವವರಿಗಷ್ಟೇ ಸಲ್ಲುವುದಲ್ಲ. ಪ್ರಾಮಾಣಿಕವಾಗಿ ಬೆಲೆ ಇಳಿಸುವ ವರ್ತಕರೇ ಸುಳ್ಳು ಬೋರ್ಡುಗಳಿಂದ ಹೆಚ್ಚು ನಷ್ಟಪಡುತ್ತಿದ್ದಾರೆ. ಆಷಾಢ ಶುರುವಾಗುವ ಮೊದಲು ಪ್ರತಿ ಊರಿನ ಜವಳಿ ವರ್ತಕರ ಸಂಘ ತನ್ನ ಸದಸ್ಯರಿಗೆ ಮೂರು ಮಾತು ಹೇಳಲಿ: ವಾಪಸಾತಿಯ ಷರತ್ತನ್ನು ಬಾಗಿಲಲ್ಲೇ ಕನ್ನಡದಲ್ಲಿ ದೊಡ್ಡದಾಗಿ ಬರೆಯಬೇಕು, ‘ವರೆಗೆ’ ಎಂಬುದನ್ನು ಶೇಕಡಾ ಅಂಕಿಯಷ್ಟೇ ದಪ್ಪಗೆ ಬರೆಯಬೇಕು, ಸೆಕೆಂಡ್ಸ್ ಮಾಲಿಗೆ ಬೇರೆ ರ‍್ಯಾಕು ಇಡಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯ ಇನ್‌ಸ್ಪೆಕ್ಟರುಗಳು ಈ ನಾಲ್ಕು ವಾರ ಪೇಟೆಯಲ್ಲಿ ಓಡಾಡಿ, ಚೀಟಿಯ ಕೆಳಗಿನ ಚೀಟಿಯನ್ನು ತೆಗೆದು ನೋಡಲಿ. ಸ್ವಸಹಾಯ ಸಂಘಗಳ ಮುಖಂಡರು ಮುಂದಿನ ವಾರದ ಸಭೆಯಲ್ಲೇ ಸದಸ್ಯರಿಗೆ 1915 ಎಂಬ ಸಂಖ್ಯೆಯನ್ನು ಪಾಸ್‌ಪುಸ್ತಕದ ಹಿಂದೆ ಬರೆಸಿಕೊಡಲಿ.