ನಮ್ಮ ಮರಗಳ ತೋಟವೂ ನಮ್ಮ ಔದಾಸೀನ್ಯವೂ

ಮಂಗಳೂರಿನ ಬಳಿಯ ಪಿಲಿಕುಳ ನಿಸರ್ಗಧಾಮವನ್ನು ನೋಡದಿರುವ ವಿದ್ಯಾವಂತ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ವಿರಳ. ಅಲ್ಲಿ ಹುಲಿಯನ್ನು ನೋಡುವೆವು, ನೆರಳಿನಲ್ಲಿ ಕುಳಿತು ಬುತ್ತಿಯನ್ನು ಬಿಚ್ಚಿ ಉಣ್ಣುವೆವು, ಸಂತೋಷದಿಂದ ಮರಳುವೆವು. ಆದರೆ ಪಶ್ಚಿಮ ಘಟ್ಟದ ಸಸ್ಯಗಳಿಗೆಂದೇ ಬೆಳೆಸಿದ ವನವೊಂದು ಅಲ್ಲಿಯೇ ಇರುವುದನ್ನು ಬಲ್ಲವರೆಷ್ಟು ಮಂದಿ? ಬಲ್ಲವರಲ್ಲಿಯೂ ಅನೇಕರು "ಬರಿಯ ಕಾಡು, ನೋಡುವುದಕ್ಕೇನಿದೆ?" ಎಂದು ಮುಂದೆ ಸಾಗುವರು. ಈ ಮಾತು ನಮ್ಮ ವಿದ್ಯೆಗೆ ಭೂಷಣವಲ್ಲ.

ಉದ್ಯಾನವೆಂದರೆ ವರ್ಣಾಡಂಬರವೆಂಬ ಭಾವನೆಯು ನಮ್ಮಲ್ಲಿ ಆಳವಾಗಿ ಬೇರೂರಿದೆ. ಬೀದಿಯ ಶೋಭೆಗೆ ಮಡಗಾಸ್ಕರಿನ ಗುಲ್‌ಮೊಹರು ಬೇಕು, ದಕ್ಷಿಣ ಅಮೆರಿಕದ ಜಕರಂಡ ಬೇಕು. ಪರದೇಶದಿಂದ ಬಂದ ಮಾತ್ರಕ್ಕೆ ಸಸ್ಯವು ತ್ಯಾಜ್ಯವೆಂದು ನಾವು ವಾದಿಸುವುದಿಲ್ಲ. ಗೇರೂ ಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂದು ನಮ್ಮವಾದುವಷ್ಟೆ. ಆದರೆ ತೋಟದ ಅಂದಕ್ಕೆಂದು ತರಿಸಿದ ಲಂಟಾನವು ಇಂದು ನಮ್ಮ ಕಾಡುಗಳನ್ನೇ ಆಕ್ರಮಿಸಿರುವುದನ್ನು ಕಂಡ ಮೇಲಾದರೂ, ಕಣ್ಣಿಗೆ ಹಿತವಾದುದೆಲ್ಲವೂ ನೆಲಕ್ಕೆ ಹಿತವಲ್ಲವೆಂಬುದನ್ನು ತಿಳಿಯಬೇಡವೆ?

"ಘಟ್ಟವೇ ಕಣ್ಣೆದುರಿಗಿರುವಾಗ ಅದರ ಮರಗಳಿಗೆ ತೋಟವೇಕೆ?" ಎಂದು ಕೆಲವರು ಕೇಳುವುದುಂಟು. ಘಟ್ಟವಿದೆ, ಅದರ ಮರಗಳೆಲ್ಲವೂ ಕ್ಷೇಮವಾಗಿವೆಯೆಂದು ಇದರಿಂದ ಸಿದ್ಧವಾಗದು. ಉತ್ತರ ಕನ್ನಡದ ಕತ್ತಲೆಕಾನಿನ ಹೆಸರನ್ನು ಹೊತ್ತ ಗೇರಿನ ಕುಲದ ಮಹಾವೃಕ್ಷವೊಂದು ಶಾಸ್ತ್ರಜ್ಞರ ಗ್ರಂಥಕ್ಕೆ ಸೇರಿದುದು 2000ನೆಯ ಇಸವಿಯಲ್ಲಿ. ಜಡ್ಡಿಯ ಜೌಗುನೆಲದಲ್ಲಿ ಬೆಳೆಯುವ ಆ ಜಾತಿಯಲ್ಲಿ ಉಳಿದಿರುವ ಮರಗಳು ಅತ್ಯಲ್ಪ. ಮತ್ತೊಂದು ಸಂಗತಿಯೂ ಉಂಟು. ಭತ್ತದ ಬೀಜದಂತೆ ಸಾಲುಧೂಪದ ಬೀಜವನ್ನಾಗಲಿ ರಾಮಪತ್ರೆಯ ಬೀಜವನ್ನಾಗಲಿ ಒಣಗಿಸಿ ವರ್ಷಗಟ್ಟಲೆ ಕಾದಿಡಲು ಬರುವುದಿಲ್ಲ. ಒಣಗಿದರೆ ಅದರ ಜೀವವೇ ಹೋಗುವುದು. ಇಂತಹ ಮರಗಳಿಗೆ ಉಗ್ರಾಣವಿಲ್ಲ. ಬೆಳೆದು ನಿಂತ ಮರವೇ ಉಗ್ರಾಣ. ಆದುದರಿಂದ ದೇಶೀಯ ಸಸ್ಯಗಳ ವನವು ಕಾಡಿನ ಅನುಕರಣವಲ್ಲ, ಕಾಡಿಗೆ ಒದಗುವ ಆಪದ್ಧನ.

ಇದಕ್ಕಿಂತಲೂ ಹೆಚ್ಚಿನ ಹಾನಿಯೆಂದರೆ ಹೆಸರುಗಳ ನಾಶ. 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್' ಗ್ರಂಥಕ್ಕಾಗಿ ಡಚ್ಚರ ಅಧಿಕಾರಿ ವಾನ್ ರೀಡನು ಆಶ್ರಯಿಸಿದುದು ಯಾರನ್ನು? ಇಟ್ಟಿ ಅಚ್ಯುತನೆಂಬ ಮಲೆಯಾಳದ ವೈದ್ಯನನ್ನು. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಕೊಂಕಣಿ ವಿದ್ವಾಂಸರನ್ನು. ಅಂದು ಪರದೇಶದವರಿಗೆ ಪಾಠ ಹೇಳಿದ ಈ ಕರಾವಳಿಯಲ್ಲಿ ಇಂದು ನಮ್ಮ ಮಕ್ಕಳಿಗೆ ಸುರಗಿ ಯಾವುದು, ರೆಂಜೆ ಯಾವುದು ಎಂದು ತಿಳಿಯದು. ಪುನರ್ಪುಳಿಯ ಸಾರನ್ನು ಉಣ್ಣುವರು. ಅದರ ಮರವನ್ನು ಕಂಡರೆ ಗುರುತಿಸಲಾರರು. ಕರಾವಳಿಯ ಪುನರ್ಪುಳಿಯೇ ಮಲೆನಾಡಿನ ಮುರುಗಲೆಂಬುದನ್ನಂತೂ ಕೇಳಿಯೇ ಇಲ್ಲ. ಹೆಸರೇ ಅರಿಯದ ಮರವನ್ನು ಕಡಿದುರುಳಿಸಿದರೆ ಮರುಗುವವರಾರು?

ವಾಚಕ ಮಹಾಶಯರೆ, ಮಾಡತಕ್ಕುದು ಕಷ್ಟದ ಕಾರ್ಯವಲ್ಲ. ಮುಂದಿನ ಸಲ ಹುಲಿಯ ದರ್ಶನವಾದ ಮೇಲೆ ಒಂದು ಗಂಟೆಯನ್ನು ಆ ವನಕ್ಕೆ ಮೀಸಲಿಡಿರಿ. ಮನೆಯ ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ. ಅವರು ಹೇಳುವ ತುಳು ಹೆಸರನ್ನೂ ಕನ್ನಡದ ಹೆಸರನ್ನೂ ಮಕ್ಕಳು ಬರೆದುಕೊಳ್ಳಲಿ. ಮಳೆಗಾಲದಲ್ಲಿ ಒಮ್ಮೆ, ವೈಶಾಖದಲ್ಲಿ ಇನ್ನೊಮ್ಮೆ ಹೋಗಿರಿ. ಒಂದೇ ಮರದ ಚಿಗುರು, ಹೂ, ಕಾಯಿಗಳ ಪರಿಚಯವು ಹಾಗಲ್ಲದೆ ಆಗದು. ಬಳಿಕ ಮನೆಯ ಹಿತ್ತಿಲಿನಲ್ಲಿ ಒಂದು ಸುರಗಿಯನ್ನೋ ಪುನರ್ಪುಳಿಯನ್ನೋ ನೆಡಿರಿ. ಇಷ್ಟನ್ನೂ ಮಾಡದೆ ಸಭೆಗಳಲ್ಲಿ ಘಟ್ಟದ ರಕ್ಷಣೆಯನ್ನು ಕುರಿತು ಭಾಷಣ ಮಾಡುವ ಅಧಿಕಾರವು ನಮಗಾರಿಗೂ ಇಲ್ಲ.