ಮಾದರಿ ರೈಲುಗಳು ಮತ್ತು ಸಂಗ್ರಹದ ಮಿತಿ

ಮಾದರಿ ರೈಲುಗಳನ್ನು ಕೂಡಿಡುವ ಹವ್ಯಾಸಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೊಂದಿದೆ: ಎಷ್ಟಾದರೆ ಸಾಕು? ಹಣವಿದ್ದಷ್ಟು ಎನ್ನುವವರಿದ್ದಾರೆ, ಜಾಗವಿದ್ದಷ್ಟು ಎನ್ನುವವರೂ ಇದ್ದಾರೆ. ಈ ಎರಡು ಉತ್ತರಗಳೂ ಅಪೂರ್ಣವೆಂದು ನನ್ನ ಅಭಿಪ್ರಾಯ. ಸಂಗ್ರಾಹಕನು ತನ್ನ ಕೈಯಾರೆ ನೋಡಿಕೊಳ್ಳಬಲ್ಲಷ್ಟೇ ಸಂಗ್ರಹದ ಸರಿಯಾದ ಅಳತೆ. ಅದನ್ನು ಮೀರಿದ್ದು ಒಬ್ಬನ ಮನೆಯ ಕಪಾಟನ್ನು ಬಿಟ್ಟು ಹತ್ತು ಜನರ ಸ್ವತ್ತಾಗಬೇಕು.

ಈ ಪ್ರಶ್ನೆಯ ಬೇರು ಹಳೆಯದು. ಜರ್ಮನಿಯ ಮೆರ್ಕ್ಲಿನ್ ಸಂಸ್ಥೆ 1859ರಲ್ಲಿ ಆರಂಭವಾದಾಗ ತಯಾರಿಸುತ್ತಿದ್ದುದು ಗೊಂಬೆಮನೆಗಳಿಗೆ ಬೇಕಾದ ತಗಡಿನ ಸಾಮಾನುಗಳನ್ನು. ಗೊಂಬೆಮನೆಗೆ ಒಂದೊಂದೇ ವಸ್ತುವನ್ನು ಕೊಂಡು ಸೇರಿಸುವಂತೆ ರೈಲಿಗೂ ಸೇರಿಸುತ್ತ ಹೋಗಬಹುದೆಂದು ಕಂಡುಕೊಂಡ ಆ ಸಂಸ್ಥೆ, 1891ರ ಲೈಪ್‌ಜಿಗ್ ಮೇಳದಲ್ಲಿ ಗೊತ್ತುಪಡಿಸಿದ ಅಳತೆಯ, ಬೇಕೆಂದಾಗ ವಿಸ್ತರಿಸಬಹುದಾದ ಹಳಿಗಳ ರೈಲನ್ನು ಮುಂದಿಟ್ಟಿತು. ಅಂದರೆ ‘ಇನ್ನೊಂದು ಬೇಕು’ ಎಂಬ ಬಯಕೆ ಈ ಆಟಿಕೆಯ ರಚನೆಯಲ್ಲಿಯೇ ಅಡಗಿದೆ. ಮಾರುವವನು ಮಿತಿ ಹಾಕಲಾರ, ಕೊಳ್ಳುವವನೇ ಹಾಕಿಕೊಳ್ಳಬೇಕು.

ಜಾಗವು ಒಂದು ಮಿತಿಯೇನೋ ಹೌದು. ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯ ಪ್ರಮಾಣ 1:87. ಪೆರಂಬೂರಿನ ಐಸಿಎಫ್ ಕಾರ್ಖಾನೆಯ 21.3 ಮೀಟರ್ ಉದ್ದದ ಬೋಗಿ ಈ ಪ್ರಮಾಣದಲ್ಲಿ ಸುಮಾರು 24 ಸೆಂಟಿಮೀಟರ್ ಆಗುತ್ತದೆ. ಇಪ್ಪತ್ತು ಬೋಗಿಗಳನ್ನು ಜೋಡಿಸಿದರೆ ಗಾಡಿ 5 ಮೀಟರಿನಷ್ಟು ಉದ್ದ. ಸಾಧಾರಣ ಮನೆಯ ಕೋಣೆಯಲ್ಲಿ ಅದು ಸಲೀಸಾಗಿ ತಿರುಗಲಾರದು. 1:160ರ ಎನ್ ಅಳತೆಯಲ್ಲಿ ಅದೇ ಬೋಗಿ 13 ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಅಳತೆ ಕಿರಿದಾದಂತೆ ಆಸೆ ಕಿರಿದಾಗುವುದಿಲ್ಲ. ಅದೇ ಕಪಾಟಿನಲ್ಲಿ ಇಮ್ಮಡಿ ಗಾಡಿಗಳು ಬಂದು ಕೂರುತ್ತವೆ.

ಆದುದರಿಂದ ನಿಜವಾದ ಮಿತಿ ಆರೈಕೆಯದು. ವರ್ಷಗಟ್ಟಲೆ ಓಡದೆ ಕುಳಿತ ಎಂಜಿನ್ನಿನ ಹಲ್ಲುಚಕ್ರಗಳಲ್ಲಿ ಎಣ್ಣೆ ಅಂಟಾಗಿ ಗಟ್ಟಿಯಾಗುತ್ತದೆ. ಚಕ್ರಕ್ಕೂ ಹಳಿಗೂ ಕೊಳೆ ಹಿಡಿದರೆ ವಿದ್ಯುತ್ತು ಸರಿಯಾಗಿ ಹರಿಯದು. ಹಳೆಯ ಕೆಲವು ಮಾದರಿಗಳ ಸತುವಿನ ಮಿಶ್ರಲೋಹದಲ್ಲಿ ಸೀಸ ಬೆರೆತುದರಿಂದ ಅವು ಉಬ್ಬಿ, ಬಿರುಕುಬಿಟ್ಟು, ಕೊನೆಗೆ ಪುಡಿಯಾಗುತ್ತವೆ. ತೇವದ ಹವೆಯಲ್ಲಿ ಈ ಕೇಡು ಬೇಗ ಹಬ್ಬುತ್ತದೆ. ನಮ್ಮ ಕಾಸರಗೋಡಿನಂಥ ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವಾರಕ್ಕೊಮ್ಮೆ ಒಂದು ಎಂಜಿನ್ನನ್ನು ಬಿಚ್ಚಿ, ಶುಚಿಮಾಡಿ, ಓಡಿಸಿ ನೋಡುವಷ್ಟು ಬಿಡುವುಳ್ಳವನಿಗೆ ವರ್ಷದಲ್ಲಿ 26 ಎಂಜಿನ್ನುಗಳ ಸರದಿ ಮುಗಿಯುತ್ತದೆ. 27ನೆಯದು ಮನೆಗೆ ಬಂದರೆ ಒಂದನ್ನು ಇನ್ನೊಬ್ಬರಿಗೆ ದಾಟಿಸುವುದೇ ನ್ಯಾಯ.

ದೊಡ್ಡ ಸಂಗ್ರಾಹಕರು ಇಲ್ಲದಿದ್ದರೆ ಹಳೆಯ ಮಾದರಿಗಳೆಲ್ಲ ಗುಜರಿ ಪಾಲಾಗುತ್ತಿದ್ದವು ಎಂಬ ವಾದವಿದೆ. ಅದನ್ನು ತಳ್ಳಿಹಾಕಲಾಗದು. ಆದರೆ ದೊಡ್ಡದು ಬಾಳಬೇಕಾದರೆ ಅದಕ್ಕೆ ಹಲವು ಕೈಗಳು ಬೇಕು. ಹ್ಯಾಂಬರ್ಗಿನಲ್ಲಿ ಬ್ರೌನ್ ಸೋದರರು 2001ರಲ್ಲಿ ತೆರೆದ ಮಿನಿಯಟೂರ್ ವುಂಡರ್‌ಲಾಂಡ್‌ನಲ್ಲಿ ಸಾವಿರಕ್ಕೂ ಮಿಕ್ಕಿ ಗಾಡಿಗಳಿವೆ. ಅವುಗಳನ್ನು ನೋಡಿಕೊಳ್ಳಲು ಸಿಬ್ಬಂದಿಯಿದೆ, ನೋಡಲು ಜನರಿದ್ದಾರೆ. ಪುಣೆಯಲ್ಲಿ ಜೋಶಿಯವರ ಹವ್ಯಾಸದ ಫಲವಾದ ಕಿರುರೈಲು ಸಂಗ್ರಹಾಲಯ 1998ರಿಂದ ಸಾರ್ವಜನಿಕರಿಗೆ ತೆರೆದಿದೆ. ಇದಕ್ಕೆ ಪ್ರತಿಯಾಗಿ ಅಮೆರಿಕದ ಜಾನ್ ಆಲನ್ ಮಾಂಟರೆಯ ತನ್ನ ಮನೆಯ ನೆಲಮಾಳಿಗೆಯಲ್ಲಿ ಕಟ್ಟಿದ ಪ್ರಸಿದ್ಧ ರೈಲುಲೋಕ, 1973ರ ಜನವರಿಯಲ್ಲಿ ಆತ ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿಗೆ ತುತ್ತಾಯಿತು. ಆತ ಪತ್ರಿಕೆಗಳ ಮೂಲಕ ಹಂಚಿಕೊಂಡಿದ್ದ ಛಾಯಾಚಿತ್ರಗಳೂ ಲೇಖನಗಳೂ ಇಂದಿಗೂ ಹವ್ಯಾಸಿಗಳಿಗೆ ಪಾಠವಾಗಿವೆ. ಹಂಚಿಕೊಂಡದ್ದು ಉಳಿಯಿತು.

ರೈಲಿಗೆ ಸಲ್ಲುವ ಈ ಮಾತು ಪುಸ್ತಕಕ್ಕೂ ಸಲ್ಲುತ್ತದೆ. ಮಂಜೇಶ್ವರದ ಗೋವಿಂದ ಪೈಗಳ ಗ್ರಂಥಸಂಗ್ರಹ ಅವರ ಕಾಲಾನಂತರ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿದ್ದರಿಂದ ಸಂಶೋಧಕರಿಗೆ ಒದಗುವಂತಾಯಿತು. ಗಡಿನಾಡಿನ ಎಷ್ಟೋ ಮನೆಗಳ ಅಟ್ಟಗಳಲ್ಲಿ ಹಳೆಯ ಪುಸ್ತಕಗಳು, ಓಲೆಗರಿಗಳು ಗೆದ್ದಲಿಗೆ ಆಹಾರವಾಗುವುದನ್ನು ಬಲ್ಲ ನಮಗೆ ಈ ನಿದರ್ಶನದ ಬೆಲೆ ತಿಳಿದಿದೆ.

ಸಂಗ್ರಹಿಸುವವನು ಒಂದು ದಾಖಲೆ ಪುಸ್ತಕವನ್ನು ಇಡಲಿ. ಯಾವುದನ್ನು ಯಾವಾಗ ಕೊಂಡೆ, ಕೊನೆಯ ಬಾರಿಗೆ ಯಾವಾಗ ಓಡಿಸಿದೆ, ನನ್ನ ನಂತರ ಅದು ಯಾರಿಗೆ ಸೇರಬೇಕು ಎಂಬ ಮೂರು ವಿವರಗಳು ಅದರಲ್ಲಿರಲಿ. ಮನೆಯವರಿಗೂ ಅದು ತಿಳಿದಿರಲಿ. ಎರಡನೆಯ ಪ್ರಶ್ನೆಗೆ ಉತ್ತರ ಬರೆಯಲಾಗದ ಗಾಡಿಗಳು ಹೆಚ್ಚತೊಡಗಿದರೆ ಕೊಳ್ಳುವುದನ್ನು ನಿಲ್ಲಿಸಿ ಕೊಡುವುದನ್ನು ಆರಂಭಿಸುವ ಹೊತ್ತು ಬಂದಿದೆಯೆಂದೇ ಅರ್ಥ.