ಅರವತ್ತು ಜನ, ಒಂದು ಲೆಕ್ಕದ ಪುಸ್ತಕ

'ರಿಟರ್ನ್ ಆಫ್ ದಿ ಓಬ್ರಾ ಡಿನ್' ಬಗ್ಗೆ ಯಾರ ಹತ್ರ ಮಾತಾಡಿದ್ರೂ ಸಿಗೋ ಉತ್ತರ ಒಂದೇ: ಮಾಸ್ಟರ್‌ಪೀಸ್, ಹತ್ತಕ್ಕೆ ಹತ್ತು, ಎಲ್ಲಾ ಮರೆತು ಇನ್ನೊಂದು ಸಲ ಆಡೋ ಹಾಗಿದ್ರೆ ಎಷ್ಟು ಚೆನ್ನಾಗಿತ್ತು! 2018ರಲ್ಲಿ ಬಂದ ಈ ಗೇಮಿಗೆ ಪ್ರಶಸ್ತಿಗಳ ಬರವೂ ಇಲ್ಲ. ಹೊಗಳಿಕೆ ಬಗ್ಗೆ ನನ್ನ ತಕರಾರಿಲ್ಲ. ಹೊಗಳಿ ಅಲ್ಲಿಗೇ ನಿಲ್ಲಿಸ್ತೀವಲ್ಲ, ಅದರ ಬಗ್ಗೆ ಇದೆ. ಈ ಗೇಮಿನ ದೊಡ್ಡ ಗುಣ ಮತ್ತು ದೊಡ್ಡ ದೋಷ ಎರಡೂ ಹುಟ್ಟೋದು ಒಂದೇ ಜಾಗದಲ್ಲಿ. ಅದನ್ನ ನೋಡದೆ ಹತ್ತಕ್ಕೆ ಹತ್ತು ಕೊಡೋರು ಗೇಮನ್ನ ಮುಗಿಸಿದ್ದಾರೆಯೇ ಹೊರತು ಓದಿಲ್ಲ. (ಇನ್ನೂ ಆಡದವರಿಗೆ: ಮುಂದೆ ಒಂದೆರಡು ಗುಟ್ಟು ರಟ್ಟಾಗುತ್ತವೆ.)

ಕಥೆ ಇಷ್ಟು. 1802ರಲ್ಲಿ ಲಂಡನ್ನಿನಿಂದ ಪೂರ್ವದ ಕಡೆ ಹೊರಟ ಓಬ್ರಾ ಡಿನ್ ಅನ್ನೋ ಹಡಗು ನಾಪತ್ತೆಯಾಗುತ್ತದೆ. 1807ರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನಾಗಿ ತೇಲಿ ಬರುತ್ತದೆ, ಜೀವಂತವಾಗಿ ಒಬ್ಬರೂ ಇಲ್ಲದೆ. ಹಡಗಿನಲ್ಲಿದ್ದವರು ಅರವತ್ತು ಮಂದಿ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ತನಿಖಾಧಿಕಾರಿ. ಅಂದರೆ ಕುಂಪಣಿ ನೌಕರ. ಹಡಗು ಹೊರಡೋಕೆ ಮೂರೇ ವರ್ಷದ ಹಿಂದೆ, 1799ರಲ್ಲಿ, ಶ್ರೀರಂಗಪಟ್ಟಣವನ್ನ ಬೀಳಿಸಿತ್ತಲ್ಲ, ಅದೇ ಕುಂಪಣಿ. ಕೈಯಲ್ಲೊಂದು ಮಾಯದ ಗಡಿಯಾರ. ಹೆಣದ ಮುಂದೆ ಅದನ್ನ ತೆರೆದರೆ ಆ ವ್ಯಕ್ತಿ ಸಾಯೋ ಮುಂಚಿನ ಮಾತು, ಸದ್ದು ಕೇಳುತ್ತದೆ. ಆಮೇಲೆ ಸತ್ತ ಕ್ಷಣ ಹಾಗೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಅದರೊಳಗೆ ನೀವು ಓಡಾಡಬಹುದು. ಪ್ರತಿ ಮುಖಕ್ಕೂ ಹೆಸರು ಹಚ್ಚಬೇಕು, ಏನಾಯಿತು, ಸತ್ತಿದ್ದರೆ ಹೇಗೆ, ಕೊಂದವರು ಯಾರು ಅಂತ ಪುಸ್ತಕದಲ್ಲಿ ತುಂಬಬೇಕು.

ಇದನ್ನ ಹೆಚ್ಚುಕಡಿಮೆ ಒಂಟಿಯಾಗಿ ಮಾಡಿದವರು ಜಪಾನಿನಲ್ಲಿ ನೆಲೆಸಿರುವ ಅಮೆರಿಕದ ಲೂಕಸ್ ಪೋಪ್. ಹಳೇ ಮ್ಯಾಕಿಂಟಾಷ್ ಪರದೆ ನೆನಪಿಸೋ ಎರಡೇ ಬಣ್ಣದ ಚಿತ್ರಗಳು. ಹೊಳೆಯೋ ಬಾಣದ ಗುರುತಿಲ್ಲ, "ಇಲ್ಲಿ ಒತ್ತಿ" ಅನ್ನೋ ಉಪದೇಶ ಇಲ್ಲ. ಆಡುವವನಿಗೆ ತಲೆ ಇದೆ ಅಂತ ಈ ಗೇಮು ನಂಬುತ್ತದೆ. ಇವತ್ತಿನ ಮಟ್ಟಿಗೆ ಅದೇ ಅಪರೂಪ.

ಒಂದು ಉದಾಹರಣೆ. ಕ್ಯಾಪ್ಟನ್ ತನ್ನ ಹೆಂಡತಿಯ ಹೆಣದ ಪಕ್ಕ ಕೂತು, ನಿನ್ನ ತಮ್ಮನನ್ನ ಗುಂಡಿಟ್ಟು ಕೊಂದೆ, ಕ್ಷಮಿಸು ಅಂತಾನೆ. ನೀವು ಪ್ರಯಾಣಿಕರ ಪಟ್ಟಿ ತೆಗೀತೀರಿ. ಆಕೆಯ ಹೆಸರಿನ ನಡುವೆ ಹಾಸ್ಕಟ್ ಅಂತಿದೆ, ತವರಿನ ಹೆಸರು. ಹಡಗಿನ ಮೊದಲ ದರ್ಜೆ ಅಧಿಕಾರಿಯ ಹೆಸರಲ್ಲೂ ಹಾಸ್ಕಟ್. ಸರಿ, ಕ್ಯಾಪ್ಟನ್ ಕೊಂದಿದ್ದು ತನ್ನ ಸ್ವಂತ ಭಾಮೈದನನ್ನ! ಯಾರೂ ಹೇಳಿಕೊಡಲಿಲ್ಲ, ನೀವೇ ಕಂಡುಕೊಂಡಿರಿ. ನಮ್ಮೂರಲ್ಲಿ ಬಾಗಿಲ ಮುಂದಿನ ಚಪ್ಪಲಿ ನೋಡಿ ಒಳಗೆ ಯಾರು ಬಂದಿದ್ದಾರೆ ಅಂತ ಹೇಳೋರಿದ್ದಾರೆ. ಕೆಮ್ಮು ಕೇಳಿ ಯಾರ ಮನೆಯ ಅಜ್ಜ ಅಂತ ಹೇಳೋರಿದ್ದಾರೆ. ಗುರುತು ಅಂದ್ರೆ ಅದು. ಒಡನಾಟದಿಂದ ಬರೋ ಗುರುತು. ಓಬ್ರಾ ಡಿನ್ ಅತ್ಯುತ್ತಮವಾಗಿರೋ ಕಡೆಯೆಲ್ಲ ಆ ಒಡನಾಟವನ್ನ ಸತ್ತವರ ಜೊತೆ ಮಾಡಿಸುತ್ತದೆ. ಸಂಬಂಧ, ಸಿಟ್ಟು, ಯಾರು ಯಾರ ಪಕ್ಕ ನಿಂತಿದ್ದರು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಈಗ ದೋಷಕ್ಕೆ ಬರೋಣ. ಸಣ್ಣಪುಟ್ಟವು ಇವೆ. ಒಂದು ನೆನಪನ್ನ ಮತ್ತೆ ನೋಡಬೇಕಂದ್ರೆ ಆ ಹೆಣ ಇರೋ ಜಾಗಕ್ಕೇ ನಡೆದು ಹೋಗಬೇಕು, ಪುಸ್ತಕದಿಂದ ನೇರ ಹಾರೋ ಹಾಗಿಲ್ಲ. ಕೊನೆಯ ಹತ್ತಿಪ್ಪತ್ತು ಹೆಸರು ಬಾಕಿ ಇರುವಾಗ ಮೇಲಿನ ಅಟ್ಟ, ಕೆಳಗಿನ ಅಟ್ಟ ಅಂತ ಮೆಟ್ಟಿಲು ಹತ್ತಿ ಇಳಿದೇ ಸುಸ್ತು. ಇದನ್ನೆಲ್ಲ ಕ್ಷಮಿಸಬಹುದು. ನನ್ನ ತಕರಾರು ಬೇರೆ.

ಪಟ್ಟಿಯಲ್ಲಿ ಪ್ರತಿ ಹೆಸರಿನ ಜೊತೆ ಕೆಲಸ ಮತ್ತು ದೇಶ ಬರೆದಿದೆ. ಭಾರತದವರು ಅಂತ ನಾಲ್ವರು ನಾವಿಕರಿದ್ದಾರೆ: ಅಬ್ರಹಾಂ ಅಕ್ಬರ್, ವಿಲಿಯಂ ವಾಸಿಂ, ಸಾಲೊಮನ್ ಸೈಯದ್, ರೆನ್‌ಫ್ರೆಡ್ ರಜುಬ್. ಹೆಸರು ಕೇಳಿದ್ರೇ ಗೊತ್ತಾಗುತ್ತೆ, ಯಾರೋ ಮುಂದಿನರ್ಧ ಒಂದು ಡಬ್ಬಿಯಿಂದ, ಹಿಂದಿನರ್ಧ ಇನ್ನೊಂದು ಡಬ್ಬಿಯಿಂದ ತೆಗೆದು ಜೋಡಿಸಿದ ಹಾಗಿದೆ. ಇಬ್ಬರು ಪ್ರಯಾಣದ ಶುರುವಿನಲ್ಲೇ ಶ್ವಾಸಕೋಶದ ಕಾಯಿಲೆಯಿಂದ ಸಾಯುತ್ತಾರೆ. ಚೀನಾದ ನಾಲ್ವರು ಹಾಯಿಯಾಳುಗಳಿದ್ದಾರೆ. ಇವರನ್ನ ಗುರುತಿಸೋದು ಹೇಗೆ? ಮೊದಲು ಮುಖ, ಬಟ್ಟೆ ನೋಡಿ "ಇವರು ಚೀನಾದವರು", "ಇವರು ಇಂಡಿಯಾದವರು" ಅಂತ ಗುಂಪು ಮಾಡ್ಕೋಬೇಕು. ಆಮೇಲೆ ನೇತಾಡೋ ಹಾಸಿಗೆಯ ನಂಬರು, ಕಾಲಿಗೆ ಹಾಕಿದ ಶೂ, ಅಂಥ ಸುಳಿವು ಹಿಡಿದು ಒಬ್ಬೊಬ್ಬರನ್ನ ಬೇರೆ ಮಾಡಬೇಕು. ಕ್ಯಾಪ್ಟನ್ನಿಗೆ ಹೆಂಡತಿ, ಭಾಮೈದ, ಪಶ್ಚಾತ್ತಾಪ ಇದೆ. ಹಾಯಿ ಕಟ್ಟೋನಿಗೆ ಶೂ ಇದೆ.

ಇದರ ಮೇಲೆ ಇನ್ನೊಂದು ನಿಯಮ. ಮೂರು ಜನರ ವಿವರ ಸರಿಯಾದ ಕೂಡಲೇ ಗೇಮು ಅವನ್ನ ಖಾಯಂ ಮಾಡಿಬಿಡುತ್ತದೆ. ಸುಮ್ಮನೆ ಊಹಿಸೋದನ್ನ ತಡೆಯೋಕೆ ಮಾಡಿದ ಒಳ್ಳೇ ವ್ಯವಸ್ಥೆ ಅಂತ ಇದನ್ನ ಎಲ್ಲರೂ ಕೊಂಡಾಡ್ತಾರೆ. ಕೋಡ್ ಬರೆಯೋ ಯಾರಿಗಾದ್ರೂ ಇದರ ಸಂದು ಕಾಣಿಸಬೇಕು. ಎರಡು ಉತ್ತರ ಖಚಿತ ಇದ್ರೆ ಮೂರನೆಯದಕ್ಕೆ ಒಂದಾದ ಮೇಲೊಂದು ಹೆಸರು ಹಾಕ್ತಾ ಹೋಗಿ, ಯಾವುದೋ ಒಂದಕ್ಕೆ ಬೀಗ ಬೀಳುತ್ತೆ. ಶುದ್ಧ ಬ್ರೂಟ್ ಫೋರ್ಸ್. ಹಾಗೆ ಹೆಸರು ಬದಲಾಯಿಸಿ ಬದಲಾಯಿಸಿ ನೋಡೋದು ಯಾರ ಮುಖದ ಮೇಲೆ? ಕ್ಯಾಪ್ಟನ್ ಮೇಲಂತೂ ಅಲ್ಲ. ಚೀನಾದ ಹಾಯಿಯಾಳುಗಳು, ಭಾರತದ ನಾವಿಕರು, ಇಂಥವರ ಮೇಲೆ. ಸೈಯದ್ ಆದ್ರೇನು, ರಜುಬ್ ಆದ್ರೇನು, ಇಬ್ಬರಿಗೂ ಅದೇ ಕಾಯಿಲೆ. ಅದಲು ಬದಲು ಮಾಡಿದ್ರೆ ಕೆಲಸ ಮುಗೀತು.

ಇಲ್ಲಿ ಒಂದು ಜವಾಬು ಬರುತ್ತೆ, ಗೊತ್ತು. "ಸ್ವಾಮಿ, ಇದು ಬರೀ ಪಝಲ್, ಇದರಲ್ಲಿ ರಾಜಕೀಯ ತರಬೇಡಿ." ಪಝಲ್‌ನಲ್ಲಿ ರಾಜಕೀಯ ನಾನು ತಂದದ್ದಲ್ಲ. ನಿಮ್ಮನ್ನ ಕುಂಪಣಿ ನೌಕರ ಮಾಡಿದ್ದು ಗೇಮು. ಕೊನೆಗೆ ನಿಮ್ಮ ಕೈಗೆ ಬರೋದೂ ಕುಂಪಣಿಯ ಲೆಕ್ಕವೇ: ಯಾರ ಕುಟುಂಬಕ್ಕೆ ಎಷ್ಟು ಪರಿಹಾರ, ಯಾರ ಆಸ್ತಿಯಿಂದ ಎಷ್ಟು ದಂಡ. ಮನುಷ್ಯರೆಲ್ಲ ಪೌಂಡಿನ ಲೆಕ್ಕವಾಗೋ ಆ ಪುಟ ಗೇಮಿನ ಅತ್ಯಂತ ಕಹಿಯಾದ, ಅತ್ಯಂತ ಜಾಣ ಪುಟ. ಭಾರತದ ನಾವಿಕರಿಗೆ ಆ ಕಾಲದ ಹಡಗುಗಳಲ್ಲಿ ಲಸ್ಕರ್ ಅಂತಿದ್ದರು. ಸೇರಂಗ್ ಅನ್ನೋ ಮೇಸ್ತ್ರಿಯ ಮೂಲಕ ಗುಂಪುಗುಂಪಾಗಿ ಕೆಲಸಕ್ಕೆ ತಗೊಳ್ತಿದ್ದರು. ಬಿಳಿ ನಾವಿಕರಿಗಿಂತ ತೀರಾ ಕಡಿಮೆ ಸಂಬಳ. ಅವರನ್ನ ಒಬ್ಬೊಬ್ಬರಾಗಿ ನೋಡೋ ಅಗತ್ಯ ಮಾಲೀಕರಿಗೆ ಇರಲಿಲ್ಲ.

ಇನ್ನೂ ಗಟ್ಟಿಯಾದ ಜವಾಬು ಇದು: "ಆ ತಣ್ಣನೆಯ ನೋಟ ಬೇಕಂತಲೇ ಇಟ್ಟಿದ್ದು. ಕುಂಪಣಿ ಕಣ್ಣಿನಿಂದ ನೋಡಿದ್ರೆ ಹೀಗೇ ಕಾಣೋದು." ಒಪ್ಪಬಹುದಿತ್ತು, ಪೋಪ್ ಅವರದೇ ಹಿಂದಿನ ಗೇಮು ಎದುರಿಗೆ ಇಲ್ಲದೇ ಹೋಗಿದ್ದರೆ. 2013ರ 'ಪೇಪರ್ಸ್, ಪ್ಲೀಸ್'ನಲ್ಲಿ ನೀವು ಗಡಿಯಲ್ಲಿ ಕೂತ ಗುಮಾಸ್ತ. ಪಾಸ್‌ಪೋರ್ಟ್ ಹಿಡಿದು ಬಂದವರು ಅಂಗಲಾಚುತ್ತಾರೆ. ತಪ್ಪು ಮೊಹರು ಹೆಚ್ಚಾದರೆ ಸಂಬಳಕ್ಕೆ ಕತ್ತರಿ, ಮನೆಯಲ್ಲಿ ಊಟಕ್ಕೋ ಔಷಧಿಗೋ ಕೊರತೆ. ನಿಮ್ಮ ತೀರ್ಪು ನಿಮಗೇ ಚುಚ್ಚುತ್ತದೆ. ಓಬ್ರಾ ಡಿನ್‌ನಲ್ಲಿ ತಪ್ಪು ಊಹೆಗೆ ಬೆಲೆಯೇ ಇಲ್ಲ. ಒಬ್ಬ ಸತ್ತವನ ಮುಖಕ್ಕೆ ಹತ್ತು ಹೆಸರು ಹಚ್ಚಿ ತೆಗೆದರೂ ಗೇಮು ತುಟಿ ಪಿಟಕ್ ಅನ್ನಲ್ಲ. ಚುಚ್ಚದೇ ಇರೋದನ್ನ ವಿಮರ್ಶೆ ಅಂತ ನಾನು ಒಪ್ಪಲ್ಲ.

ಸರಿಪಡಿಸೋಕೆ ದೊಡ್ಡ ಬದಲಾವಣೆ ಬೇಕಿರಲಿಲ್ಲ. ಸಾಯ್ತಿರೋ ಒಬ್ಬ ನಾವಿಕನನ್ನ ಪಕ್ಕದವನು ಹೆಸರು ಹಿಡಿದು ಕರೆದಿದ್ದರೆ ಸಾಕಿತ್ತು. ಅರವತ್ತು ಜನರನ್ನ ಇಷ್ಟು ಸೂಕ್ಷ್ಮವಾಗಿ ಹೆಣೆದವರಿಗೆ ಅದು ಕಷ್ಟದ ಕೆಲಸವೇ ಅಲ್ಲ.

ಇಷ್ಟೆಲ್ಲ ಯಾಕೆ ಹೇಳಬೇಕು ಅಂದ್ರೆ, ಗೇಮು ಕಲಿಸಿದ್ದು ಕೈಗೆ ಅಂಟಿಕೊಳ್ಳುತ್ತೆ. ಮುಖ ನೋಡಿ ಡಬ್ಬಿಗೆ ಹಾಕೋ ಚಟ ನಮಗೆ ಮೊದಲೇ ಇದೆ. ದಕ್ಷಿಣದವರೆಲ್ಲ ಮದ್ರಾಸಿ ಅಂದ್ರೆ ಉರಿದುಬೀಳೋ ನಾವೇ, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಎರಡು ವರ್ಷದಿಂದ ಸಲಾಂ ಹೊಡೀತಿರೋ ಹುಡುಗನ್ನ "ಆ ನಾರ್ತ್ ಈಸ್ಟ್‌ನವನು" ಅಂತೀವಿ. ಅಸ್ಸಾಮೋ, ಮಣಿಪುರವೋ, ನೇಪಾಳವೋ, ಕೇಳಿರಲ್ಲ. ಹೆಸರಂತೂ ದೂರ ಉಳೀತು.

ಅದಕ್ಕೇ ಹೇಳ್ತೀನಿ, ಗೇಮು ಆಡಿ. ಪಝಲ್ ಆಗಿ ಇದಕ್ಕೆ ಸಾಟಿಯಾದದ್ದು ಕಡಿಮೆ. ಆದ್ರೆ ಕೊನೆಯ ಹತ್ತು ಹೆಸರಿಗೆ ಬಂದಾಗ ಅದಲು ಬದಲು ಮಾಡಿ ಬೀಗ ಬೀಳಿಸಬೇಡಿ. ಮೆಟ್ಟಿಲು ಇಳಿದು ಆ ಹೆಣದ ಹತ್ತಿರ ಮತ್ತೆ ಹೋಗಿ, ಸುತ್ತ ಯಾರು ನಿಂತಿದ್ದಾರೆ ನೋಡಿ, ಹಾಸಿಗೆ ನಂಬರು ಹುಡುಕಿ. ಕಾಲು ನೋಯುತ್ತೆ, ಬೇಜಾರೂ ಆಗುತ್ತೆ. ಅಷ್ಟು ಹೊತ್ತಾದ್ರೂ ಅವನನ್ನ ನೋಡಿದ ಹಾಗಾಗುತ್ತೆ.